ಬಡವಾಗು

‘ಭಾಳ ಬಡವಾಗೀರಲ್ಲ ಕಾಕಾ’ ಎಂದು ಗದಗ ಸೀಮೆಯ ಮುಂಡರಗಿ, ಶಿರಹಟ್ಟಿ ಕಡೆ ಯಾರಾದರೂ ಕೇಳಿದರೆ ಅದು ಹಣಕಾಸಿನ ವಿಚಾರಣೆಯಲ್ಲ. ಮೈ ಇಳಿದಿದೆಯಲ್ಲ ಎಂಬ ಕಾಳಜಿ. ‘ಬಡ’ ಎಂಬ ಮೂಲಕ್ಕೆ ತೆಳು, ಕೃಶ ಎಂಬ ಅರ್ಥವೂ ಉಂಟು, ಇಲ್ಲದಿರುವಿಕೆಯ ಅರ್ಥವೂ ಉಂಟು. ಬಡವ, ಬಡತನ, ಬಡಕಲು, ಬಡನಡು ಎಲ್ಲ ಒಂದೇ ಮನೆಯವು. ಕಾವ್ಯದಲ್ಲಿ ಬಡನಡು ಹೊಗಳಿಕೆ. ಮುಪ್ಪಿನ ಬಡಕಲು ಮೈಗೆ ಆ ಭಾಗ್ಯವಿಲ್ಲ.

ಮುಪ್ಪಿನಲ್ಲಿ ಸ್ನಾಯು ಕರಗುವುದಕ್ಕೆ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ‘ಸಾರ್ಕೊಪೀನಿಯ’ ಎಂಬ ಹೆಸರು ಕೊಟ್ಟರು. ಗ್ರೀಕಿನಲ್ಲಿ ಸಾರ್ಕ್ಸ್ ಎಂದರೆ ಮಾಂಸ, ಪೆನಿಯ ಎಂದರೆ ಬಡತನ. ನಮ್ಮ ಆಡುಮಾತು ಅಲ್ಲಿಗೆ ಎಂದೋ ಮುಟ್ಟಿತ್ತು!

ಮೈ ಬಡವಾಗುವುದು ಮುಪ್ಪಿನಿಂದಷ್ಟೇ ಅಲ್ಲ. ಕ್ಷಯ, ಕ್ಯಾನ್ಸರ್, ಮೂತ್ರಪಿಂಡದ ದೀರ್ಘ ರೋಗಗಳಲ್ಲಿ ದೇಹ ಸ್ನಾಯುವಿನ ಪ್ರೋಟೀನನ್ನು ಅಮೈನೋ ಆಮ್ಲಗಳಾಗಿ ಒಡೆದು ಖರ್ಚು ಮಾಡುತ್ತದೆ. ಯಕೃತ್ತು ಅವುಗಳಲ್ಲಿ ಹಲವನ್ನು ಸಕ್ಕರೆಯಾಗಿಸುತ್ತದೆ; ಸಾರಜನಕ ಯೂರಿಯವಾಗಿ ಮೂತ್ರಕ್ಕೆ ಹೋಗುತ್ತದೆ. ಮುಪ್ಪಿನ ತೊಂದರೆ ಇನ್ನೊಂದು: ಸ್ನಾಯು ಕಟ್ಟಲು ಸೂಚನೆ ಕೊಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲಕ್ಕೆ ಸ್ನಾಯು ಮೊದಲಿನಂತೆ ಓಗೊಡುವುದಿಲ್ಲ.

ಗದಗ ಸೀಮೆಯ ಬಿಳಿಜೋಳದಲ್ಲಿ ಲ್ಯೂಸಿನ್ ಧಾರಾಳ, ಸ್ನಾಯುವಿಗೆ ಬೇಕಾದ ಇನ್ನೊಂದು ಅಮೈನೋ ಆಮ್ಲ ಲೈಸಿನ್ ಕಡಿಮೆ. ಆ ಕೊರತೆ ತುಂಬುವುದು ರೊಟ್ಟಿಯ ಪಕ್ಕದ ಹೆಸರುಕಾಳಿನ ಪಲ್ಯ. ಹಲ್ಲು ಹೋದ ಅಜ್ಜ ನುಚ್ಚು-ಮಜ್ಜಿಗೆಗೆ ಇಳಿದಾಗ ತಟ್ಟೆಯಿಂದ ಮೊದಲು ಮಾಯವಾಗುವುದೂ ಆ ಕಾಳೇ. ಮೆತ್ತಗೆ ಬೇಯಿಸಿ, ಕಿವುಚಿ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಮಾತ್ರ ಕಾಳು ಎಷ್ಟು ಎಂಬುದನ್ನು ಡಾಕ್ಟರನ್ನು ಕೇಳಿಯೇ ಗೊತ್ತುಮಾಡಿ.