ತಿಪಟೂರು ಸೀಮೆಯ ತೆಂಗೂ ಕಾರಣಜಿಜ್ಞಾಸೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯು ಸಮುದ್ರದಿಂದ ಬಹು ದೂರವಿರುವ ಬಯಲುನಾಡು. ಆದರೂ ಕಡಲತೀರದ ವೃಕ್ಷವೆಂದು ಲೋಕವೆಲ್ಲ ಬಲ್ಲ ತೆಂಗು ಇಲ್ಲಿ ಬೇರೂರಿ, ಜನಜೀವನಕ್ಕೆ ಆಧಾರವಾಗಿ ನಿಂತಿದೆ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಮೈಸೂರು ದೇಶವನ್ನು ನೋಡಿ ಬರೆಯಲೆಂದು ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಕಡೆಯಲ್ಲಿಯೂ ಸಂಚರಿಸಿದನು. ಆತನ ಪ್ರವಾಸಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಇಲ್ಲಿಯ ಉಂಡೆ ಕೊಬ್ಬರಿಯನ್ನು ಅರಿಯದವರಾರು? ಕಾಯನ್ನು ಸಿಪ್ಪೆಯೊಡನೆಯೇ ಅಟ್ಟಕ್ಕೇರಿಸಿ, ಹೆಚ್ಚುಕಡಮೆ ಒಂದು ವರ್ಷ ಕಾಯಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಎನ್ನುವವರೆಗೆ ಅದಕ್ಕೆ ಕೈ ಹಚ್ಚುವಂತಿಲ್ಲ. ಮರವು ಫಲಕ್ಕೆ ಬರುವುದಕ್ಕೂ ಹಲವು ವರ್ಷಗಳೇ ಬೇಕು. ಅಜ್ಜನು ನೆಟ್ಟದ್ದನ್ನು ಮೊಮ್ಮಗನು ಉಣ್ಣುವ ಬೆಳೆಯಿದು. ಇಂಥ ಮರದ ಗರಿಗಳು ಒಂದು ಬೇಸಗೆಯಲ್ಲಿ ಬೆಂಕಿ ತಗುಲಿದಂತೆ ಕಂದಿ, ತೋಟವೆಲ್ಲ ದೂರದಿಂದ ಸುಟ್ಟಂತೆ ತೋರಿದರೆ ಆ ಮನೆಯವರ ಎದೆಯಲ್ಲಿ ಏನಾದೀತೆಂಬುದನ್ನು ಹೇಳಬೇಕಾದುದಿಲ್ಲ.

ಆಗ ಜನರು ಕಾರಣವನ್ನು ಹುಡುಕುತ್ತಾರೆ. ದೃಷ್ಟಿ ತಾಕಿತೆನ್ನುವವರುಂಟು; ಗ್ರಹಚಾರವೆನ್ನುವವರುಂಟು; ನೆರೆಯವನು ಮಾಟ ಮಾಡಿಸಿದನೆನ್ನುವವರೂ ಇಲ್ಲದಿಲ್ಲ. ಈ ಮೂರರಲ್ಲಿ ಕಡೆಯದೇ ಅತ್ಯಂತ ಕೇಡಿನದೆಂದು ನಮ್ಮ ಎಣಿಕೆ. ಏಕೆಂದರೆ ಗರಿ ಒಣಗುವುದರ ಜತೆಗೆ ಎರಡು ಮನೆಗಳ ನಡುವಣ ಮಾತೂ ಒಣಗುತ್ತದೆ. ಆದರೆ ಹೀಗೆ ಹುಡುಕಿದವರನ್ನು ನಾವು ನಗಬಾರದು. ಕಾರಣವಿಲ್ಲದೆ ಕಾರ್ಯವಿಲ್ಲವೆಂಬ ನಂಬಿಕೆ ಅವರಿಗೂ ಇತ್ತು. ವಿಜ್ಞಾನಿಗೂ ಅದೇ ಮೊದಲ ಮೆಟ್ಟಿಲು. ವ್ಯತ್ಯಾಸವೆಲ್ಲ ಮುಂದಿನ ಹೆಜ್ಜೆಯಲ್ಲಿ: ಒಣಗಿದ ಗರಿಯನ್ನು ಕೆಳಗಿಳಿಸಿ, ಮಗುಚಿ, ಅದರ ಅಡಿಯನ್ನು ನೋಡುವುದರಲ್ಲಿ.

ಅಲ್ಲಿ ಕಾಣುವುದೇನು? ರೇಷ್ಮೆಯಂಥ ನೂಲಿಗೆ ತನ್ನ ಹಿಕ್ಕೆಯನ್ನೇ ಮೆತ್ತಿ ಕಟ್ಟಿಕೊಂಡ ಸುರಂಗಗಳು. ಅವುಗಳೊಳಗೆ ಎಲೆಯ ಹಸಿರನ್ನು ಕೆರೆದು ತಿನ್ನುತ್ತಿರುವ ಕಪ್ಪು ತಲೆಯ ಹುಳುಗಳು. ಇದೊಂದು ಸಣ್ಣ ಪತಂಗದ ಮರಿ. ವಾಕರ್ ಎಂಬ ಪಂಡಿತನು 1864ರಲ್ಲಿ ಇದಕ್ಕೊಂದು ಹೆಸರನ್ನಿಟ್ಟನು; 1905ರಲ್ಲಿ ಮೇರಿಕ್ ಎಂಬಾತನು ಇದೇ ಜೀವಿಗೆ ಬೇರೊಂದು ಹೆಸರನ್ನಿಟ್ಟನು. ಎರಡೂ ಒಂದೇ ಎಂಬುದು ಇತ್ಯರ್ಥವಾದುದು 1981ರಲ್ಲಿ. ಮುಕ್ಕಾಲು ಶತಮಾನ ಗ್ರಂಥಗಳಲ್ಲಿ ನಿಂತಿದ್ದ ಹೆಸರನ್ನು, ತಪ್ಪೆಂದು ಕಂಡೊಡನೆ, ಯಾರೂ ಮಾನಾಪಮಾನಗಳನ್ನು ಎಣಿಸದೆ ಬದಿಗಿಟ್ಟರು. ಶಾಸ್ತ್ರದ ಈ ಗುಣವು ನಮಗೆ ಬಹಳ ಮೆಚ್ಚಾದುದು.

ಶತ್ರುವನ್ನು ಗುರುತಿಸಿದ ಮಾತ್ರಕ್ಕೆ ಗೆದ್ದಂತಾಗಲಿಲ್ಲ. ಮುಗಿಲೆತ್ತರದ ಮರಕ್ಕೆ ಔಷಧವನ್ನು ಸಿಂಪಡಿಸುವುದು ಸುಲಭವಲ್ಲ. ಸಿಂಪಡಿಸಿದರೆ ಹುಳುವಿನೊಡನೆ ಹುಳುವಿನ ವೈರಿಗಳೂ ಸಾಯುತ್ತವೆ. ಹುಳುವಿಗೂ ವೈರಿಗಳುಂಟೆ? ಉಂಟು. ದಕ್ಷಿಣದ ತೆಂಗಿನ ನಾಡುಗಳಲ್ಲಿ ಈ ಹುಳುವಿನ ಹಾವಳಿಯನ್ನೂ, ಅದರ ವೈರಿಕೀಟಗಳನ್ನು ಸಾಕಿ ತೋಟಗಳಿಗೆ ಬಿಟ್ಟ ಕ್ರಮವನ್ನೂ ರಾಮಚಂದ್ರರಾವ್, ಚೆರಿಯನ್, ಅನಂತನಾರಾಯಣನ್ ಎಂಬ ಮೂವರು ಕೀಟಶಾಸ್ತ್ರಜ್ಞರು 1948ರಲ್ಲಿ ದೀರ್ಘವಾಗಿ ಬರೆದಿಟ್ಟರು.

ಆ ವೈರಿಗಳಲ್ಲೊಂದು ಇರುವೆಯಷ್ಟಿರುವ ಕರಿಯ ಕಣಜ. ಅಮೆರಿಕಾದ ಮ್ಯೂಸ್‌ಬೆಕ್ ಎಂಬಾತನು 1934ರಲ್ಲಿ ಇದನ್ನು ಶಾಸ್ತ್ರಕ್ಕೆ ಪರಿಚಯಿಸಿದನು. ಗೋನಿಯೋಜಸ್ ನೆಫಾಂಟಿಡಿಸ್ ಎಂಬುದು ಇದರ ಈಗಿನ ಹೆಸರು. ಹೆಣ್ಣು ಕಣಜವು ಸುರಂಗವನ್ನು ಹೊಕ್ಕು, ತನಗಿಂತ ಎಷ್ಟೋ ದೊಡ್ಡದಾದ ಹುಳುವನ್ನು ಕುಟುಕಿ ನಿಶ್ಚೇಷ್ಟಿತಗೊಳಿಸುತ್ತದೆ. ಬಳಿಕ ಅದರ ಮೈಮೇಲೆ ಮೊಟ್ಟೆಗಳನ್ನಿಡುತ್ತದೆ. ಮರಿಗಳು ಆ ಹುಳುವನ್ನೇ ಹೀರಿ ಬೆಳೆಯುತ್ತವೆ. ಇಷ್ಟೇ ಆಗಿದ್ದರೆ ಕೀಟಲೋಕದಲ್ಲಿ ಇದು ಅಪೂರ್ವವಲ್ಲ. ಆದರೆ ಈ ತಾಯಿಯು ಮೊಟ್ಟೆಯಿಟ್ಟು ಹಾರಿಹೋಗುವುದಿಲ್ಲ. ಮರಿಗಳ ಬಳಿಯಲ್ಲೇ ಕಾವಲು ನಿಂತು, ಕಸಿಯಲು ಬಂದ ಬೇರೆ ಕಣಜಗಳೊಡನೆ ಹೋರಾಡುತ್ತದೆ. ಹಾರ್ಡಿ, ಬ್ಲ್ಯಾಕ್‌ಬರ್ನ್ ಎಂಬ ಆಂಗ್ಲ ಸಂಶೋಧಕರು ಈ ಕಾವಲನ್ನು ಪರೀಕ್ಷಿಸಿ 1991ರಲ್ಲಿ ಪ್ರಕಟಿಸಿದರು. ಇದನ್ನು ಕ್ರೌರ್ಯವೆನ್ನೋಣವೆ, ವಾತ್ಸಲ್ಯವೆನ್ನೋಣವೆ? ಎರಡೂ ನಮ್ಮ ಮಾತುಗಳು. ಕಣಜಕ್ಕೆ ಅವುಗಳ ಗೊಡವೆಯಿಲ್ಲ.

ಲೆಕ್ಕವನ್ನೂ ನೋಡಬೇಕು. ಪತಂಗದ ಒಂದು ತಲೆಮಾರಿಗೆ ಸುಮಾರು ಎರಡು ತಿಂಗಳು. ಕಣಜಕ್ಕೆ ಸುಮಾರು ಎರಡು ವಾರ. ಒಂದು ಪೀಳಿಗೆ ಕಳೆಯುವಷ್ಟರಲ್ಲಿ ಇನ್ನೊಂದು ಮೂರು ನಾಲ್ಕು ಪೀಳಿಗೆಗಳನ್ನು ಕಾಣುತ್ತದೆ. ಅಂತೆಯೇ ಹಿಡಿಯಷ್ಟು ಕಣಜಗಳಿಂದ ತೋಟವೊಂದನ್ನು ಉಳಿಸಿಕೊಳ್ಳುವ ಆಸೆಗೆ ಆಧಾರವುಂಟು. ಕಂದಿದ ಗರಿ ಮರಳಿ ಹಸಿರಾಗದು. ಆದರೆ ಹುಳು ಹಳೆಯ ಗರಿಗಳನ್ನೇ ಹೆಚ್ಚಾಗಿ ಹಿಡಿಯುವುದರಿಂದ ಸುಳಿಯು ಸಾಮಾನ್ಯವಾಗಿ ಉಳಿದಿರುತ್ತದೆ, ಹೊಸ ಗರಿ ಬರುತ್ತದೆ. ಮರ ಸತ್ತಿಲ್ಲವೆಂಬ ಈ ಒಂದು ತಿಳಿವು ಆ ಮನೆಗೆ ಎಷ್ಟು ದೊಡ್ಡ ಸಮಾಧಾನ!

ಎಲ್ಲ ಪೀಡೆಗೂ ಇಂಥ ಉತ್ತರ ಸಿಕ್ಕಿದೆಯೆಂದಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿ, ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳನ್ನೂ ಹೊಕ್ಕ ನುಸಿಯು ಇಂದಿಗೂ ಬೆಳೆಗಾರನನ್ನು ಕಾಡುತ್ತಿದೆ.

ತಿಳಿವು ತೋಟದವರೆಗೆ ಬರಬೇಕಾದರೆ ತೋಟದ ನುಡಿಯಲ್ಲಿ ಬರಬೇಕು. ಇದನ್ನು ಮನಗಂಡವರು ಇದೇ ತುಮಕೂರು ಜಿಲ್ಲೆಯ ಬೆಳ್ಳಾವೆ ವೆಂಕಟನಾರಣಪ್ಪನವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಅದು ಬಾಳಿದ್ದು ಎರಡೇ ವರ್ಷ. ಆದರೆ ಕನ್ನಡದಲ್ಲಿ ಶಾಸ್ತ್ರವನ್ನು ಹೇಳಬಹುದೆಂಬುದಕ್ಕೆ ಆ ಸಂಚಿಕೆಗಳೇ ಸಾಕ್ಷಿಯಾದುವು.

ಈಗ ಪ್ರಯೋಗಾಲಯಗಳಲ್ಲಿ ಜೋಳದ ನುಚ್ಚಿನ ಮೇಲೆ ಅಕ್ಕಿಪತಂಗದ ಮರಿಗಳನ್ನು ಬೆಳೆಯಿಸಿ, ಅವುಗಳ ಮೇಲೆ ಈ ಕಣಜವನ್ನು ಸಾಕುತ್ತಾರೆ. ಹೊರಗೆ ಬಿಡುವ ಮುನ್ನ ಜೇನುತುಪ್ಪವನ್ನು ಉಣಿಸುತ್ತಾರೆ. ಒಬ್ಬನೇ ತನ್ನ ತೋಟಕ್ಕೆ ಬಿಟ್ಟರೆ ಸಾಲದು. ಪತಂಗಕ್ಕೆ ಬೇಲಿಯಿಲ್ಲವಾದುದರಿಂದ ನೆರೆಯವನೂ ಅದೇ ಕಾಲದಲ್ಲಿ ಬಿಡಬೇಕು. ಮಾಟದ ಶಂಕೆಯಿಂದ ಮಾತು ಬಿಟ್ಟಿದ್ದವರು ಇದಕ್ಕಾಗಿಯಾದರೂ ಮಾತಾಡಬೇಕಾಗುತ್ತದೆ. ಮರದ ಬುಡದಲ್ಲಿ ಗಾಜಿನ ನಳಿಗೆಯ ಹತ್ತಿಯನ್ನು ತೆಗೆದರೆ, ಆ ಕರಿಯ ಜೀವಿಗಳು ಒಂದೊಂದಾಗಿ ಹೊರಬಂದು ಕಾಂಡವನ್ನೇರತೊಡಗುತ್ತವೆ.