ಅರಮನೆಯ ಕೆಂಡ, ಗದ್ದೆಯ ಕೆಂಡ

ಇಡ್ಲಿಯ ಇತಿಹಾಸ ಬರೆಯುವವರೆಲ್ಲ ತಪ್ಪದೆ ‘ಮಾನಸೋಲ್ಲಾಸ’ವನ್ನು ನೆನೆಯುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಈ ಸಂಸ್ಕೃತ ಗ್ರಂಥ 1129ರ ಸುಮಾರಿನದು. ನೂರು ಅಧ್ಯಾಯಗಳಲ್ಲಿ ಒಂದಾದ ‘ಅನ್ನಭೋಗ’ದಲ್ಲಿ ‘ಇಡ್ಡರಿಕಾ’ ಇದೆ, ನಿಜ. ಆದರೆ ಅದೇ ಅಧ್ಯಾಯದಲ್ಲಿ ಮಾಂಸದ ಅಡುಗೆಯೂ ಧಾರಾಳವಾಗಿದೆ. ಅಡಿಕೆ ಗಾತ್ರಕ್ಕೆ ಕತ್ತರಿಸಿ ಕೆಂಡದ ಮೇಲೆ ಸುಡುವ ಪಿತ್ತಜನಕಾಂಗ ಅಲ್ಲಿದೆ. ಸಲಾಕೆಗೆ ಚುಚ್ಚಿ ಸುಡುವ ‘ಭಡಿತ್ರಕ’ವೂ ಇದೆ. ಅದನ್ನು ಯಾರೂ ಅಷ್ಟಾಗಿ ಉದ್ಧರಿಸುವುದಿಲ್ಲ.

ನನ್ನ ಸಂಶೋಧನೆಯ ಒಂದು ಅಧ್ಯಾಯ ಈ ಭಾಗದ ಮೇಲಿದೆ. ಎರಡು ವರ್ಷ ಓದಿದ್ದೆ. ಒಂದು ದಿನವೂ ಬಯಲಲ್ಲಿ ಮಾಂಸ ಸುಟ್ಟವನಲ್ಲ. ಕಳೆದ ಡಿಸೆಂಬರಿನಲ್ಲಿ ಗೆಳೆಯನ ತೋಟದಲ್ಲಿ ನಾಲ್ಕು ಇಟ್ಟಿಗೆ ಇಟ್ಟು, ಮೇಲೆ ಕಬ್ಬಿಣದ ಜಾಲರಿ ಹಾಕಿ, ಇದ್ದಿಲಿಗೆ ಬೆಂಕಿ ಹಚ್ಚಿದೆವು. ಉರಿ ಎದ್ದದ್ದೇ ತಡ, ಕೋಳಿ ತುಂಡುಗಳನ್ನು ಇಟ್ಟುಬಿಟ್ಟೆ. ಕೊಬ್ಬು ಕರಗಿ ತೊಟ್ಟಿಕ್ಕಿತು, ಜ್ವಾಲೆ ಇನ್ನಷ್ಟು ಮೇಲೆದ್ದಿತು. ಹೊರಗೆಲ್ಲ ಕರಿ, ಒಳಗೆ ಹಸಿ. ನಾಯಿಯೂ ಮೂಸಿ ನೋಡಿ ಹೋಯಿತು.

ಅರ್ಧ ಗಂಟೆ ಸುಮ್ಮನೆ ಕೂತೆವು. ಜ್ವಾಲೆ ತಾನಾಗಿ ಇಳಿಯಿತು. ಇದ್ದಿಲಿನ ಮೇಲೆ ತೆಳ್ಳಗೆ ಬಿಳಿ ಬೂದಿ ಕಟ್ಟಿತು, ಒಳಗಿನಿಂದ ಕೆಂಪು ಕಾಣುತ್ತಿತ್ತು. ಆಗ ಇಟ್ಟ ತುಂಡುಗಳು ನಿಧಾನವಾಗಿ, ಒಳಗಿನವರೆಗೂ ಬೆಂದವು. ಗ್ರಂಥದ ‘ಅಂಗಾರ’ವನ್ನು ನಾನು ಕರಡಿನಲ್ಲಿ ಎರಡು ಕಡೆ ‘ಬೆಂಕಿ’ ಎಂದು ಅನುವಾದಿಸಿದ್ದೆ. ನಿಘಂಟು ನೋಡಿದ್ದರೆ ಸಾಕಿತ್ತು, ಕೆಂಡ ಎಂದೇ ಇದೆ. ಆದರೆ ಉರಿಗೂ ಕೆಂಡಕ್ಕೂ ಇರುವ ದೂರ ನನಗೆ ತಿಳಿದದ್ದು ಆ ಕೋಳಿ ಕರಕಲಾದ ಮೇಲೆ.

ಕೆಂಡವೇನೋ ತಿದ್ದಲು ಸುಲಭ. ನಾನು ತಪ್ಪಿಸಿಕೊಳ್ಳುತ್ತಿದ್ದದ್ದು ಬೇರೆಯದನ್ನು. ‘ಅನ್ನಭೋಗ’ದಲ್ಲಿ ಇಲಿಯ ಅಡುಗೆಯಿದೆ. ಹೊಲದಲ್ಲಿ, ನದಿ ದಂಡೆಯಲ್ಲಿ ಸಿಗುವ ಕಪ್ಪು ಇಲಿಯ ಕೂದಲು ತೆಗೆದು, ತೊಳೆದು, ಸಲಾಕೆಗೆ ಚುಚ್ಚಿ ಕೆಂಡದ ಮೇಲೆ ಸುಟ್ಟು, ಉಪ್ಪು, ಜೀರಿಗೆ, ಶುಂಠಿ ಉದುರಿಸಬೇಕು. ಇದು ದೊರೆಯ ಭೋಗ. ಕೊಯ್ಲು ಮುಗಿದ ಗದ್ದೆಯಲ್ಲಿ ಬಿಲ ಅಗೆದು ನನ್ನ ತಾತ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ, ಜೀರಿಗೆಯೊಂದನ್ನು ಬಿಟ್ಟು. ಅದನ್ನು ಹಾಸ್ಟೆಲಿನಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಕರಡಿನಲ್ಲೂ ಆ ಭಾಗವನ್ನು ಒಂದು ಅಡಿಟಿಪ್ಪಣಿಯಲ್ಲಿ ದಾಟಿಸಿದ್ದೆ. ರಾಜ ತಿಂದರೆ ಗ್ರಂಥ, ತಾತ ತಿಂದರೆ ಬಡತನ ಎಂಬ ಲೆಕ್ಕ ನನ್ನೊಳಗೂ ಇತ್ತು. ಸಲಾಕೆ ತಿರುಗಿಸಿದ ಅರಮನೆಯ ಅಡುಗೆಯವರ ಹೆಸರನ್ನು ಗ್ರಂಥ ಹೇಳುವುದಿಲ್ಲ ಎಂದು ದೂರುವ ನಾನು, ಮನೆಯವರ ಹೆಸರನ್ನೇ ನುಂಗಿಕೊಂಡಿದ್ದೆ.

ಮರುದಿನ ಅವ್ವನಿಗೆ ಫೋನ್ ಮಾಡಿ ತಾತ ಹೇಗೆ ಸುಡುತ್ತಿದ್ದರು ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

“ಉರಿ ಇಳೀಲಿ, ಬೂದಿ ಕಟ್ಲಿ, ಆಮೇಲೆ ಇಕ್ಕು ಅಂತಿದ್ರು,” ಎಂದಳು. ಆಮೇಲೆ, “ಯಾಕ್ಲಾ, ಇದ್ನೂ ಬರೀತೀಯಾ?”

“ಬರೀತೀನಿ ಕಣವ್ವ.”

“ಬರಿ ಮತ್ತೆ. ಉಪ್ಪಿನ ಜೊತೆ ಬೆಳ್ಳುಳ್ಳಿನೂ ಜಜ್ಜಿ ಹಚ್ಚೋರು, ಅದ ಬಿಡಬೇಡ.”