ಶ್ರೀಲಂಕಾ: ಒಂದು ದ್ವೀಪ, ಎರಡು ಮಳೆಗಾಲ

ದೆಹಲಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಬೇಸಿಗೆ ರಜೆಯೆಂದರೆ ಬಹುಮಟ್ಟಿಗೆ ಊರಿನ ದಾರಿ. ಇತ್ತೀಚಿನ ವರ್ಷಗಳಲ್ಲಿ ಅದರ ಜೊತೆಗೆ ಒಂದು ವಿದೇಶ ಪ್ರವಾಸವನ್ನೂ ಮುಗಿಸಿ ಬರುವವರು ನಮ್ಮ ನಡುವೆ ಹೆಚ್ಚಾಗಿದ್ದಾರೆ. ಅಂಥವರಿಗೆ ಶ್ರೀಲಂಕಾ ಅನುಕೂಲವಾದ ದೇಶ. ದೆಹಲಿಯಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಮೂರೂವರೆ ಗಂಟೆಯ ಪಯಣ. 2006ರಿಂದ ಅಲ್ಲಿನ ಕಾಲಮಾನವೂ ನಮ್ಮದೇ ಆಗಿರುವುದರಿಂದ ಗಡಿಯಾರವನ್ನು ತಿದ್ದಬೇಕಿಲ್ಲ. ಅನ್ನ, ತೆಂಗು, ಮೆಣಸು, ಕರಿಬೇವು ಎಲ್ಲವೂ ಪರಿಚಿತವೇ. ದುಂಡಗಿನ ಸಿಂಹಳ ಲಿಪಿಯನ್ನು ದೂರದಿಂದ ಕಂಡ ಮಕ್ಕಳು ಅದನ್ನು ಕನ್ನಡವೆಂದೇ ಓದಲು ಹೊರಡುವುದುಂಟು. ಎರಡೂ ಲಿಪಿಗಳಿಗೆ ಮೂಲ ಬ್ರಾಹ್ಮಿಯೇ.

ಕೆಲವು ವರ್ಷಗಳ ಹಿಂದೆ ನಾವು ಮೂರು ಕುಟುಂಬಗಳು ಸೇರಿ ಮೇ ತಿಂಗಳ ಕೊನೆಯ ವಾರದಲ್ಲಿ ಈ ದೇಶಕ್ಕೆ ಹೋಗಿದ್ದೆವು. ಪ್ರವಾಸ ಏರ್ಪಡಿಸಿದವರು ನಾಲ್ಕು ದಿನಗಳನ್ನು ಪಶ್ಚಿಮ ಕರಾವಳಿಗೆ ಮೀಸಲಿಟ್ಟಿದ್ದರು. ಆ ನಾಲ್ಕೂ ದಿನ ಹೋಟೆಲಿನ ಕಿಟಕಿಯಿಂದ ಮಳೆ ನೋಡಿದೆವು. ಕಡಲ ದಂಡೆಯಲ್ಲಿ ಕೆಂಪು ಬಾವುಟ ಹಾರುತ್ತಿತ್ತು, ನೀರಿಗಿಳಿಯುವಂತಿರಲಿಲ್ಲ. ಅದೇ ದಿನಗಳಲ್ಲಿ ದ್ವೀಪದ ಪೂರ್ವ ತೀರದಲ್ಲಿ ಬಿಸಿಲಿದ್ದು ಕಡಲು ಶಾಂತವಾಗಿತ್ತೆಂದು ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿ ಸಹಪ್ರಯಾಣಿಕರು ಹೇಳಿದರು. ಹೊರಡುವ ಮುನ್ನ ಅಲ್ಲಿನ ಮಳೆಯ ಕ್ರಮವನ್ನು ತಿಳಿದುಕೊಳ್ಳದಿದ್ದುದು ನಮ್ಮದೇ ತಪ್ಪು. ಇತರರಿಗೆ ಹಾಗಾಗದಿರಲೆಂದು ಈ ಲೇಖನ.

ನೆಲದ ಪರಿಚಯ

ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಸುಮಾರು ಮೂರನೆಯ ಒಂದು ಭಾಗ. ಜನಸಂಖ್ಯೆ ಎರಡು ಕೋಟಿಯನ್ನು ಮೀರಿದೆ. 1948ರ ಫೆಬ್ರವರಿ 4ರಂದು ಸ್ವತಂತ್ರವಾದ ಈ ದೇಶಕ್ಕೆ 1972ರವರೆಗೂ ಸಿಲೋನ್ ಎಂಬ ಹೆಸರೇ ಇತ್ತು. ನಮ್ಮ ಪೀಳಿಗೆಯವರು ಆ ಹೆಸರನ್ನು ಮೊದಲು ಕೇಳಿದ್ದು ರೇಡಿಯೋದಿಂದ. ಸಿಂಹಳ ಮತ್ತು ತಮಿಳು ಅಲ್ಲಿನ ಅಧಿಕೃತ ಭಾಷೆಗಳು.

ದ್ವೀಪವು ಭೂಮಧ್ಯರೇಖೆಯ ಉತ್ತರಕ್ಕೆ ಸುಮಾರು 6ರಿಂದ 10 ಡಿಗ್ರಿ ಅಕ್ಷಾಂಶಗಳ ನಡುವೆ ಇದೆ. ಆದ್ದರಿಂದ ದೆಹಲಿಯವರು ಬಲ್ಲ ಬೇಸಿಗೆ, ಚಳಿಗಾಲಗಳ ಭೇದ ಅಲ್ಲಿಲ್ಲ. ಕೊಲಂಬೊದಲ್ಲಿ ಜನವರಿಯಾಗಲಿ ಜೂನ್ ಆಗಲಿ ಹಗಲಿನ ತಾಪಮಾನ 30 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಇರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಾದ್ದರಿಂದ ಮಂಗಳೂರಿನಂತೆ ಬೆವರುವುದು ಖಂಡಿತ. ತಂಪು ಬೇಕೆಂದರೆ ನಡುವಿನ ಬೆಟ್ಟಗಳನ್ನೇರಬೇಕು. ಸುಮಾರು 1,870 ಮೀಟರು ಎತ್ತರದಲ್ಲಿರುವ ನುವರ ಎಲಿಯದಲ್ಲಿ ಜನವರಿಯ ರಾತ್ರಿಗಳಿಗೆ ಸ್ವೆಟರ್ ಬೇಕೇ ಬೇಕು. ದೇಶದ ಅತಿ ಎತ್ತರದ ಶಿಖರ ಪಿದುರುತಲಾಗಲ (2,524 ಮೀಟರು) ಇರುವುದೂ ಅಲ್ಲಿಯೇ.

ಎರಡು ಮಾರುತಗಳು

ಅಲ್ಲಿನ ಋತುಗಳನ್ನು ನಿರ್ಧರಿಸುವುದು ಮಳೆ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಬೀಸುವ ನೈಋತ್ಯ ಮಾರುತವು ಪಶ್ಚಿಮ ಹಾಗೂ ದಕ್ಷಿಣ ತೀರಗಳಿಗೆ ಮತ್ತು ಬೆಟ್ಟಗಳ ಪಶ್ಚಿಮದ ಇಳಿಜಾರಿಗೆ ಮಳೆ ಸುರಿಸುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತವು ಪೂರ್ವ ಹಾಗೂ ಉತ್ತರ ಭಾಗಗಳನ್ನು ನೆನೆಸುತ್ತದೆ. ಇವೆರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಗುಡುಗುಮಳೆ ಸಾಮಾನ್ಯ. ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತಗಳ ಭಯವೂ ಉಂಟು.

ಇದು ಕನ್ನಡಿಗರಿಗೆ ತಿಳಿಯದ ವಿಷಯವೇನಲ್ಲ. ಪಶ್ಚಿಮ ಘಟ್ಟಗಳು ಮೋಡವನ್ನು ತಡೆಯುವುದರಿಂದಲೇ ಆಗುಂಬೆ ತೊಯ್ಯುತ್ತದೆ, ಚಿತ್ರದುರ್ಗದ ಸೀಮೆ ಒಣಗುತ್ತದೆ. ಶ್ರೀಲಂಕಾದ ನಡುಬೆಟ್ಟಗಳೂ ಇದೇ ಕೆಲಸವನ್ನು ಮಾಡುತ್ತವೆ. ಅವುಗಳ ಪಶ್ಚಿಮದ ಕೆಲವು ಇಳಿಜಾರುಗಳಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ, ವಾಯುವ್ಯದ ಮನ್ನಾರ್ ಮತ್ತು ಆಗ್ನೇಯದ ಹಂಬನ್‌ತೋಟದ ಒಣ ಭಾಗಗಳಲ್ಲಿ 1,000 ಮಿಲಿಮೀಟರೂ ಆಗದು. ಚಹಾ ಸವಿಯುವವರಿಗೆ ಈ ಭೇದ ರುಚಿಯಿಂದಲೇ ತಿಳಿಯುತ್ತದೆ. ಬೆಟ್ಟದ ಪಶ್ಚಿಮದ ದಿಂಬುಲ ಚಹಾ ವರ್ಷದ ಆರಂಭದ ಒಣ ತಿಂಗಳುಗಳಲ್ಲಿ, ಪೂರ್ವದ ಊವ ಚಹಾ ಜುಲೈನಿಂದ ಸೆಪ್ಟೆಂಬರಿನವರೆಗಿನ ಒಣಗಾಳಿಯಲ್ಲಿ ಅತ್ಯುತ್ತಮವಾಗಿರುತ್ತವೆ.

ಒಣ ಪ್ರದೇಶದ ಹಿರಿಯರು ನಮ್ಮ ಬಯಲುಸೀಮೆಯವರಂತೆ ಕೆರೆಗಳನ್ನು ಕಟ್ಟಿದರು. ಅಲ್ಲಿ ಕೆರೆಗೆ 'ವೆವ' ಎನ್ನುತ್ತಾರೆ. ಹನ್ನೆರಡನೆಯ ಶತಮಾನದ ದೊರೆ ಮೊದಲನೆಯ ಪರಾಕ್ರಮಬಾಹುವಿನ ಹೆಸರಿನ ಪರಾಕ್ರಮ ಸಮುದ್ರವನ್ನು ಪೊಲೊನ್ನರುವದಲ್ಲಿ ಇಂದಿಗೂ ಕಾಣಬಹುದು. ಸೂಳೆಕೆರೆಯ ಏರಿಯ ಮೇಲೆ ನಿಂತವರಿಗೆ ಆ ನೋಟ ಹೊಸದೆನಿಸದು.

ಯಾವಾಗ, ಎಲ್ಲಿಗೆ?

ಮಕ್ಕಳ ರಜೆಗೆ ಅನುಸಾರವಾಗಿ ಹೊರಡುವ ನಮ್ಮಂಥವರು ತಿಂಗಳನ್ನು ಬದಲಿಸುವುದು ಕಷ್ಟ. ದಿಕ್ಕನ್ನು ಬದಲಿಸಬಹುದು. ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹೋಗುವವರು ಪೂರ್ವದ ಟ್ರಿಂಕೋಮಲಿ, ಪಾಸಿಕುಡ ಕಡಲತೀರಗಳನ್ನೂ ಅನುರಾಧಪುರ, ಪೊಲೊನ್ನರುವ, ಸಿಗಿರಿಯಗಳನ್ನೂ ಆರಿಸಿಕೊಳ್ಳುವುದು ಒಳಿತು. ಟ್ರಿಂಕೋಮಲಿಯಲ್ಲಿ ಕಡಲಿನ ಬಂಡೆಯ ಮೇಲಿರುವ ಕೋಣೇಶ್ವರ ದೇವಾಲಯ ದರ್ಶನೀಯ. ಚಳಿಗಾಲದ ರಜೆಯಲ್ಲಿ, ದೆಹಲಿಯ ಮಂಜಿನಿಂದ ತಪ್ಪಿಸಿಕೊಂಡು ಹೋಗುವವರಿಗೆ ಬೆಂತೋಟ, ಗಾಲೆ, ಮಿರಿಸ್ಸಗಳ ದಾರಿ ಸೂಕ್ತ. ಶ್ರೀಪಾದ ಬೆಟ್ಟದ ಯಾತ್ರೆಯೂ ಡಿಸೆಂಬರಿನ ಹುಣ್ಣಿಮೆಯಿಂದ ಮೇ ಹುಣ್ಣಿಮೆಯವರೆಗೆ ನಡೆಯುತ್ತದೆ.

1983ರಿಂದ 2009ರವರೆಗಿನ ಅಂತರ್ಯುದ್ಧದ ಕಾಲದಲ್ಲಿ ಪೂರ್ವ ಮತ್ತು ಉತ್ತರ ಭಾಗಗಳಿಗೆ ಹೋಗುವುದು ಕಷ್ಟವಾಗಿತ್ತು. ಈಗ ಆ ದಾರಿಗಳು ತೆರೆದಿವೆ. ಪ್ರವಾಸ ಏರ್ಪಡಿಸುವವರು ಪಶ್ಚಿಮದ ಕಾರ್ಯಕ್ರಮವನ್ನಷ್ಟೇ ತೋರಿಸಿದರೆ, ಪೂರ್ವದ ಬಗೆಗೂ ಕೇಳಬೇಕು.

ಬೆಟ್ಟದ ವಿಷಯದಲ್ಲಿ ಎಚ್ಚರ

2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತದ ಮಳೆಯಿಂದ ಶ್ರೀಲಂಕಾದಲ್ಲಿ ಆರುನೂರಕ್ಕೂ ಹೆಚ್ಚು ಜನ ಮೃತಪಟ್ಟರು. ಬೆಟ್ಟಸೀಮೆಯ ಕ್ಯಾಂಡಿ, ಬದುಲ್ಲ, ನುವರ ಎಲಿಯ ಜಿಲ್ಲೆಗಳಲ್ಲಿ ಗುಡ್ಡಗಳು ಕುಸಿದವು, ರಸ್ತೆಗಳಿಗೂ ಚಹಾತೋಟಗಳ ನಡುವೆ ಸಾಗುವ ರೈಲುಮಾರ್ಗಕ್ಕೂ ಹಾನಿಯಾಯಿತು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದದ್ದನ್ನು ನೆನೆದರೆ ಅಲ್ಲಿನವರ ಸಂಕಟ ನಮಗೆ ಅರ್ಥವಾಗುತ್ತದೆ. ಪ್ರವಾಸಿಗರ ಹಣ ಆ ದೇಶದ ಎಷ್ಟೋ ಮನೆಗಳಿಗೆ ಜೀವನಾಧಾರ. ಆದ್ದರಿಂದ ಅಲ್ಲಿಗೆ ಹೋಗಬಾರದೆಂದು ನಾವು ಹೇಳುವುದಿಲ್ಲ. ಆದರೆ ವೃದ್ಧರನ್ನೂ ಮಕ್ಕಳನ್ನೂ ಕರೆದೊಯ್ಯುವವರು ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ಭೂಕುಸಿತದ ಎಚ್ಚರಿಕೆಯನ್ನೂ ದಿನವೂ ನೋಡಬೇಕು. ಎಚ್ಚರಿಕೆ ಬಂದ ದಿನ, ಕೊಠಡಿಗೆ ಕೊಟ್ಟ ಮುಂಗಡ ಹೋದರೂ ಸರಿ, ಬೆಟ್ಟ ಹತ್ತಬಾರದು.

ಹೊರಡುವ ಮುನ್ನ

ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಅಧಿಕೃತ ತಾಣದಲ್ಲಿಯೇ ನೋಡಿಕೊಳ್ಳಿ. 2024ರ ಫೆಬ್ರವರಿಯಿಂದ ಅಲ್ಲಿ ನಮ್ಮ ಯುಪಿಐ ಪಾವತಿಗೂ ಅವಕಾಶವಾಗಿದೆ, ಆದರೂ ಸಣ್ಣ ಊರುಗಳಿಗೆ ಶ್ರೀಲಂಕಾದ ರೂಪಾಯಿ ಕೈಯಲ್ಲಿರಲಿ. ಕಾರ್ಡಿನ ಅಂತರರಾಷ್ಟ್ರೀಯ ಬಳಕೆಯನ್ನು ಇಲ್ಲಿಯೇ ಚಾಲ್ತಿ ಮಾಡಿಕೊಳ್ಳಿ. ಬ್ಯಾಂಕಿನಲ್ಲಿ ದುಡಿಯುವ ನಮಗೆ ವಿಮಾನ ನಿಲ್ದಾಣದಿಂದ ಬರುವ ಗಾಬರಿಯ ಕರೆಗಳು ಹೊಸವಲ್ಲ. ಮಳೆಯ ಬೆನ್ನಿಗೆ ಡೆಂಗಿ ಹರಡುವುದರಿಂದ ಸೊಳ್ಳೆಯ ಮುಲಾಮು ಮರೆಯಬೇಡಿ. ಪ್ರತಿ ಹುಣ್ಣಿಮೆಯೂ ಅಲ್ಲಿ 'ಪೋಯ' ಎಂಬ ಸಾರ್ವತ್ರಿಕ ರಜೆ. ಏಪ್ರಿಲ್ ಮಧ್ಯದ ಹೊಸವರ್ಷಕ್ಕೂ, ನಮ್ಮ ಸೌರಮಾನ ಯುಗಾದಿಯ ದಿನಗಳಲ್ಲಿ, ಅಂಗಡಿಗಳು ಮುಚ್ಚಿರುತ್ತವೆ.

ನಮ್ಮ ಮೂರು ಕುಟುಂಬಗಳೂ ಮತ್ತೊಮ್ಮೆ ಹೋಗುವ ವಿಚಾರದಲ್ಲಿವೆ. ರಜೆ ಈ ಬಾರಿಯೂ ಜೂನ್ ತಿಂಗಳಿನದೇ, ಊರು ಮಾತ್ರ ಟ್ರಿಂಕೋಮಲಿ.